ಎ520, ಎಚ್610, ಬಿ760 ಪಕ್ಕಕ್ಕಿಟ್ಟು ಬಿ550 ಕೊಳ್ಳುವುದೇಕೆ

ದಾವಣಗೆರೆಯಲ್ಲಿ ನಲವತ್ತು–ಐವತ್ತು ಸಾವಿರದೊಳಗೆ ಡೆಸ್ಕ್‌ಟಾಪ್ ಜೋಡಿಸಲು ಹೊರಟರೆ ಅಂಗಡಿಯ ಕೌಂಟರಿನ ಮೇಲೆ ಬರುವ ಮದರ್‌ಬೋರ್ಡುಗಳು ಹೆಚ್ಚುಕಡಿಮೆ ನಾಲ್ಕೇ ಜಾತಿ. ಎಎಂಡಿ ಕಡೆಯಿಂದ ಎ520 ಮತ್ತು ಬಿ550, ಇಂಟೆಲ್ ಕಡೆಯಿಂದ ಎಚ್610 ಮತ್ತು ಬಿ760. ಇವು ಪ್ರೊಸೆಸರಿಗೂ ಉಳಿದ ಭಾಗಗಳಿಗೂ ಕೊಂಡಿಯಾಗಿ ಬೋರ್ಡಿನ ಮೇಲಿರುವ ಚಿಪ್‌ಸೆಟ್ ಎಂಬ ಚಿಪ್ಪಿನ ಹೆಸರುಗಳು. ನಾಲ್ಕನ್ನೂ ಬಳಸಿ, ಬಿಚ್ಚಿ, ಮತ್ತೆ ಜೋಡಿಸಿದ ಮೇಲೆ ನನ್ನ ಓಟು ಬಿ550ಕ್ಕೆ. ಸೌಲಭ್ಯದಲ್ಲಿ ಬಿ760 ಇದನ್ನು ಹಿಂದೆ ಹಾಕುತ್ತದೆ, ಅಗ್ಗದಲ್ಲಿ ಎ520 ಗೆಲ್ಲುತ್ತದೆ. ಆದರೂ ತೊಂದರೆ ಬಂದಾಗ ಊರಲ್ಲೇ ಕೂತು ಸರಿಮಾಡಿಕೊಳ್ಳಬಹುದಾದ, ದುಡ್ಡು ಕೂಡಿದಂತೆ ವರ್ಷಕ್ಕೊಂದು ಭಾಗ ಸೇರಿಸುತ್ತಾ ಹೋಗಬಹುದಾದ ಬೋರ್ಡು ಬೇಕೆನ್ನುವವರಿಗೆ ಬಿ550 ಬಿಟ್ಟು ಬೇರೆಯದನ್ನು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಕೋರ್ ಎಷ್ಟು, ಗಿಗಾಹರ್ಟ್ಸ್ ಎಷ್ಟು ಎಂಬುದೆಲ್ಲ ಡಬ್ಬಿಯ ಮೇಲೇ ಇದೆ, ಇಲ್ಲಿ ಬರೆಯುವುದಿಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡಬೇಕು: ಚಿಪ್‌ಸೆಟ್ ದುಬಾರಿಯಾದ ಮಾತ್ರಕ್ಕೆ ಪ್ರೊಸೆಸರ್ ಜೋರಾಗಿ ಓಡುವುದಿಲ್ಲ. ಟ್ಯಾಲಿ, ನುಡಿ, ಬ್ರೌಸರ್ ಇಷ್ಟೇ ಕೆಲಸವಾದರೆ ರೈಜೆನ್ 5 5600ಜಿ ಎಂಬ ಪ್ರೊಸೆಸರ್ ಎ520 ಮೇಲೂ ಬಿ550 ಮೇಲೂ ಒಂದೇ ಥರ ಓಡುತ್ತದೆ. ಎಷ್ಟು ಎಸ್‌ಎಸ್‌ಡಿ ಹಾಕಬಹುದು, ಯಾವ ಗ್ರಾಫಿಕ್ಸ್ ಕಾರ್ಡು ಪೂರ್ತಿ ದುಡಿಯುತ್ತದೆ, ರ್‍ಯಾಮ್ ಎಷ್ಟು ಸ್ಪೀಡಿಗೆ ನಿಲ್ಲುತ್ತದೆ, ಮೂರು ವರ್ಷದ ಮೇಲೆ ಯಾವ ಪ್ರೊಸೆಸರ್ ಕೂರಿಸಬಹುದು, ಇವು ಚಿಪ್‌ಸೆಟ್ಟಿನ ಕೈಯಲ್ಲಿರುವ ವಿಷಯ.

ಬೆಲೆ ವಾರವಾರಕ್ಕೆ ಏರಿಳಿಯುತ್ತದೆ. ಅಂದಾಜಿಗೆ ಎ520 ಬೋರ್ಡು ಐದು ಸಾವಿರದ ಆಚೀಚೆ, ಎಚ್610 ಆರರಿಂದ ಏಳು, ಬಿ550 ಎಂಟರಿಂದ ಹತ್ತು, ಡಿಡಿಆರ್4 ಹಾಕುವ ಬಿ760 ಹತ್ತರಿಂದ ಹನ್ನೆರಡು. ಎಲ್ಲವೂ ಮೈಕ್ರೋ ಎಟಿಎಕ್ಸ್ ಅಳತೆಯವು.

ಕಪ್ಪು ಪರದೆ

ನಾಲ್ಕನ್ನೂ ಅಳೆಯಲು ನಾನು ಮೊದಲು ಹಿಡಿಯುವ ಅಳತೆಗೋಲು ಬಯೋಸ್, ಅಂದರೆ ಕಂಪ್ಯೂಟರ್ ಏಳುವಾಗ ಮೊದಲು ಓಡುವ, ಬೋರ್ಡಿನ ಚಿಪ್ಪಿನಲ್ಲೇ ಇರುವ ಪ್ರೋಗ್ರಾಂ. ಸ್ಪೀಡ್ ಆಮೇಲೆ.

ಹೊಸ ಬೋರ್ಡು, ಹೊಸ ಪ್ರೊಸೆಸರ್. ಎಲ್ಲ ಕೂರಿಸಿ ಸ್ವಿಚ್ ಒತ್ತಿದರೆ ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಎಲ್ಲರೂ ಮೊದಲು ರ್‍ಯಾಮ್ ತೆಗೆದು ರಬ್ಬರಿನಿಂದ ಉಜ್ಜುತ್ತಾರೆ, ಆಮೇಲೆ ಪವರ್ ಸಪ್ಲೈ ಬದಲಿಸುತ್ತಾರೆ, ಕೊನೆಗೆ ಪ್ರೊಸೆಸರೇ ಸತ್ತಿದೆ ಎಂದು ಅಂಗಡಿಗೆ ಒಯ್ಯುತ್ತಾರೆ. ಹಲವು ಸಲ ಎಲ್ಲವೂ ಸರಿಯಾಗೇ ಇರುತ್ತದೆ. ಬೋರ್ಡು ತಯಾರಾದ ದಿನ ಆ ಪ್ರೊಸೆಸರ್ ಇನ್ನೂ ಹುಟ್ಟಿರಲಿಲ್ಲ, ಹಾಗಾಗಿ ಬೋರ್ಡಿನ ಬಯೋಸ್‌ಗೆ ಅದರ ಗುರುತಿಲ್ಲ, ಅಷ್ಟೇ.

ದಿನಾಂಕಗಳನ್ನು ಎದುರುಬದುರು ಇಟ್ಟರೆ ಅರ್ಥವಾಗುತ್ತದೆ. ಬಿ550 ಬಂದದ್ದು 2020ರ ಜೂನ್‌ನಲ್ಲಿ, ಎ520 ಅದೇ ವರ್ಷ ಆಗಸ್ಟ್‌ನಲ್ಲಿ. ರೈಜೆನ್ 5000 ಸಾಲು ಶುರುವಾದದ್ದು 2020ರ ನವೆಂಬರ್‌ನಲ್ಲಿ. 5600ಜಿ ಅಂಗಡಿಗೆ ಬಂದದ್ದು 2021ರ ಆಗಸ್ಟ್‌ನಲ್ಲಿ. ಮೊದಮೊದಲ ಬ್ಯಾಚಿನ ಬೋರ್ಡುಗಳಿಗೆ ಬಯೋಸ್ ಹೊಸದು ಮಾಡದೆ 5600ಜಿ ಏಳುವುದಿಲ್ಲ. ಇಂಟೆಲ್ ಕಡೆಯೂ ಇದೇ ಕಥೆ. ಎಚ್610 ಬಂದದ್ದು 2022ರ ಜನವರಿಯಲ್ಲಿ, 12ನೇ ತಲೆಮಾರಿನ ಪ್ರೊಸೆಸರ್‌ಗಳಿಗಾಗಿ. 13ನೆಯದು ಅದೇ ವರ್ಷ ಅಕ್ಟೋಬರ್‌ನಲ್ಲಿ, 14ನೆಯದು 2023ರ ಅಕ್ಟೋಬರ್‌ನಲ್ಲಿ. 2022ರ ಮೊದಲರ್ಧದಲ್ಲಿ ತಯಾರಾದ ಎಚ್610 ಮೇಲೆ ಐ5 12400 ಸಲೀಸಾಗಿ ಏಳುತ್ತದೆ, ಐ5 13400 ಏಳಬೇಕಾದರೆ ಹೊಸ ಬಯೋಸ್ ಬೇಕು.

ಈಗ ಮಾರುವ ಬೋರ್ಡುಗಳಲ್ಲಿ ಇದು ಕಡಿಮೆಯಾಗಿದೆ. ಆದರೆ ಜಿಲ್ಲಾ ಕೇಂದ್ರದ ಅಂಗಡಿಗಳಲ್ಲಿ ಮಾಲು ನಿಧಾನಕ್ಕೆ ಖರ್ಚಾಗುತ್ತದೆ, ಹಳೇ ಸ್ಟಾಕು ರ್‍ಯಾಕಿನಲ್ಲಿ ಉಳಿದುಬಿಟ್ಟಿರುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಸೆಕೆಂಡ್ ಹ್ಯಾಂಡ್ ತರಿಸಿದರಂತೂ ಯಾವ ಕಾಲದ ಬಯೋಸ್ ಇದೆಯೋ ಹೇಳಲಾಗದು.

ಸಿಕ್ಕು ಇರುವುದು ಇಲ್ಲಿ. ಬಯೋಸ್ ಹೊಸದು ಮಾಡಬೇಕಾದರೆ ಬೋರ್ಡು ಏಳಬೇಕು, ಬೋರ್ಡು ಏಳಬೇಕಾದರೆ ಅದಕ್ಕೆ ಗೊತ್ತಿರುವ ಹಳೇ ಪ್ರೊಸೆಸರ್ ಬೇಕು. ಬೆಂಗಳೂರಲ್ಲಿ ಯಾವುದಾದರೂ ಅಂಗಡಿಯಲ್ಲಿ ಅರ್ಧ ಗಂಟೆ ಎರವಲು ಸಿಗಬಹುದು. ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ರೈಜೆನ್ 3 3100 ಹುಡುಕಿಕೊಂಡು ಹೋದರೆ ಚಪ್ಪಲಿ ಸವೆಯುತ್ತದೆ. ಮನೆಯಲ್ಲಿ 2200ಜಿ ಅಥವಾ 3200ಜಿ ಇದೆ, ಅದನ್ನೇ ಹಾಕಿ ಅಪ್‌ಡೇಟ್ ಮಾಡೋಣ ಎಂದರೆ ಬಿ550ರ ಅಧಿಕೃತ ಪಟ್ಟಿಯಲ್ಲಿ ಅವೆರಡೂ ಇಲ್ಲ. ಸಾಕೆಟ್ ಒಂದೇ, ಪಿನ್ನು ಕೂರುತ್ತವೆ, ಆದರೂ ಏಳುವ ಖಾತ್ರಿಯಿಲ್ಲ.

ಇದಕ್ಕೆ ಮದ್ದು ಬೋರ್ಡಿನ ಹಿಂಭಾಗದಲ್ಲಿರುವ ಒಂದು ಪುಟ್ಟ ಬಟನ್. ಎಂಎಸ್‌ಐ ಅದನ್ನು ಫ್ಲ್ಯಾಶ್ ಬಯೋಸ್ ಬಟನ್ ಎನ್ನುತ್ತದೆ, ಏಸಸ್ ಬಯೋಸ್ ಫ್ಲ್ಯಾಶ್‌ಬ್ಯಾಕ್, ಗಿಗಾಬೈಟ್ ಕ್ಯೂ-ಫ್ಲ್ಯಾಶ್ ಪ್ಲಸ್. ಇದಿದ್ದರೆ ಪ್ರೊಸೆಸರ್ ಬೇಡ, ರ್‍ಯಾಮ್ ಬೇಡ, ಪೆನ್‌ಡ್ರೈವ್ ಒಂದೇ ಸಾಕು. ಬಟನ್ ಚಿಪ್‌ಸೆಟ್ಟಿನ ಗುಣವಲ್ಲ, ಬೋರ್ಡು ಮಾಡಿದವರ ಧಾರಾಳ. ಎ520, ಎಚ್610 ಬೋರ್ಡುಗಳಲ್ಲಿ ಕೆಲವಕ್ಕೆ ಇರುತ್ತದೆ, ಹಲವಕ್ಕೆ ಇರುವುದಿಲ್ಲ. ಬಿ550 ಬೆಲೆಗೆ ಬಂದರೆ ಬಟನ್ ಇರುವ ಬೋರ್ಡನ್ನು ಆರಿಸಿಕೊಳ್ಳಲು ಜಾಗ ಸಿಗುತ್ತದೆ. ನನ್ನ ಪಕ್ಷಪಾತದ ಅರ್ಧ ಕಾರಣ ಇದೇ.

ಮಾಡುವ ಕ್ರಮ ಹೀಗೆ. 32 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಪೆನ್‌ಡ್ರೈವನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ. 64 ಜಿಬಿಯದನ್ನು ವಿಂಡೋಸ್ ಸುಮ್ಮನೆ ಎಕ್ಸ್‌ಫ್ಯಾಟ್ ಮಾಡಿಬಿಡುತ್ತದೆ, ಅದನ್ನು ಬೋರ್ಡು ಓದುವುದಿಲ್ಲ. ಹಳೇ ಯುಎಸ್‌ಬಿ 2.0 ಪೆನ್‌ಡ್ರೈವ್ ಇದ್ದರೆ ಅದೇ ಒಳ್ಳೆಯದು. ಬೋರ್ಡಿನ ಪೂರ್ತಿ ಹೆಸರು ನೋಡಿ ಕಂಪನಿಯ ಪುಟದಿಂದ ಬಯೋಸ್ ಇಳಿಸಿ, ಜಿಪ್ ಬಿಚ್ಚಿ, ಒಳಗಿನ ಫೈಲನ್ನು ಯಾವ ಫೋಲ್ಡರಿನಲ್ಲೂ ಇಡದೆ ನೇರ ಪೆನ್‌ಡ್ರೈವಿಗೆ ಹಾಕಿ. ಆಮೇಲೆ ಹೆಸರು ಬದಲಿಸಬೇಕು. ಎಂಎಸ್‌ಐ ಬೋರ್ಡಾದರೆ ಫೈಲಿನ ಹೆಸರು ಎಂಎಸ್‌ಐ, ಬಾಲ ಆರ್‌ಒಎಂ. ಗಿಗಾಬೈಟ್ ಬೋರ್ಡಾದರೆ ಹೆಸರು ಗಿಗಾಬೈಟ್, ಬಾಲ ಬಿಐಎನ್. ಏಸಸ್ ತನ್ನ ಜಿಪ್ಪಿನೊಳಗೇ ಹೆಸರು ಬದಲಿಸುವ ಪುಟ್ಟ ಪ್ರೋಗ್ರಾಂ ಇಟ್ಟಿರುತ್ತದೆ. ಹೆಸರು ಬದಲಿಸಿ ಬಾಲ ಹಾಗೇ ಬಿಟ್ಟರೆ ಕೆಲಸ ಆಗದು.

ಬೋರ್ಡಿಗೆ 24 ಪಿನ್ ಕೇಬಲ್ ಹಾಕಿ, ಪ್ರೊಸೆಸರ್ ಪಕ್ಕದ 8 ಪಿನ್ ಕೇಬಲ್ಲೂ ಹಾಕಿ. ಪೆನ್‌ಡ್ರೈವನ್ನು ಹಿಂಭಾಗದಲ್ಲಿ ಗುರುತು ಹಾಕಿರುವ ಪೋರ್ಟಿಗೇ ಚುಚ್ಚಬೇಕು, ಪಕ್ಕದ್ದಕ್ಕೆ ಚುಚ್ಚಿದರೆ ಆಗುವುದಿಲ್ಲ. ಪವರ್ ಸಪ್ಲೈ ಸ್ವಿಚ್ ಆನ್ ಮಾಡಿ, ಕಂಪ್ಯೂಟರ್ ಆನ್ ಮಾಡದೆ, ಬಟನ್ನನ್ನು ಮೂರು ಸೆಕೆಂಡ್ ಒತ್ತಿ. ದೀಪ ಮಿಣುಕುತ್ತಾ ಇದ್ದರೆ ಕೆಲಸ ನಡೆಯುತ್ತಿದೆ. ಐದರಿಂದ ಹತ್ತು ನಿಮಿಷ ಹಿಡಿಯುತ್ತದೆ. ದೀಪ ಕೆಲವೇ ಸೆಕೆಂಡಿನಲ್ಲಿ ಆರಿದರೆ ಅಥವಾ ಮಿಣುಕದೆ ಹಾಗೇ ಉರಿಯುತ್ತಾ ನಿಂತರೆ ಫೈಲು ಓದಿಲ್ಲ ಎಂದರ್ಥ: ಹೆಸರು, ಫಾರ್ಮ್ಯಾಟ್, ಪೋರ್ಟು ಈ ಮೂರರಲ್ಲೊಂದು ತಪ್ಪಿರುತ್ತದೆ. ನಡುವೆ ಕರೆಂಟ್ ಹೋದರೆ ಬಯೋಸ್ ಅರ್ಧಂಬರ್ಧ ಬರೆದು ನಿಲ್ಲುತ್ತದೆ, ಹಾಗಾಗಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಅರ್ಧಕ್ಕೆ ನಿಂತರೂ ಬಟನ್ ಇರುವ ಬೋರ್ಡಿನಲ್ಲಿ ಸಾಮಾನ್ಯವಾಗಿ ಮತ್ತೆ ಮೊದಲಿಂದ ಒತ್ತಬಹುದು. ಬಟನ್ ಇಲ್ಲದ ಬೋರ್ಡಿನಲ್ಲಿ ಆ ಅವಕಾಶವೂ ಇಲ್ಲ.

ಬಟನ್ ಇಲ್ಲದೆ ಸಿಕ್ಕಿಬಿದ್ದವರಿಗೆ ಇನ್ನೊಂದು ದಾರಿ, ಲ್ಯಾಪ್‌ಟಾಪಿನ ಚಿಪ್ ಲೆವೆಲ್ ರಿಪೇರಿ ಮಾಡುವವರು. ಅವರ ಹತ್ತಿರ ಸಿಎಚ್341ಎ ಎಂಬ ಪ್ರೋಗ್ರಾಮರ್ ಇರುತ್ತದೆ, ಬಯೋಸ್ ಚಿಪ್ಪಿಗೆ ಕ್ಲಿಪ್ ಹಾಕಿ ನೇರ ಬರೆಯುತ್ತಾರೆ. ಕೊಡುವಾಗ ಒಂದು ಮಾತು ಹೇಳಿ ಕೊಡಿ: ಎಎಂ4 ಬೋರ್ಡುಗಳಲ್ಲಿ (ಎ520, ಬಿ550 ಎರಡರದ್ದೂ ಇದೇ ಸಾಕೆಟ್) ಅನೇಕಕ್ಕೆ 1.8 ವೋಲ್ಟಿನ ಚಿಪ್ ಇರುತ್ತದೆ, ಅಡಾಪ್ಟರ್ ಹಾಕದೆ 3.3 ವೋಲ್ಟ್ ಕೊಟ್ಟರೆ ಚಿಪ್ ಸುಡಬಹುದು. ಚಿಪ್ಪಿನ ಮೇಲಿನ ನಂಬರ್ ಓದಿ ವೋಲ್ಟೇಜ್ ನೋಡಿಕೊಳ್ಳಬೇಕು.

ಎಎಂಡಿ ಬೋರ್ಡಿಗೆ ಬಯೋಸ್ ಹೊಸದಿರಬೇಕು ಎನ್ನಲು ಇನ್ನೂ ಎರಡು ಕಾರಣಗಳಿವೆ. ಯುಎಸ್‌ಬಿ ಸಾಧನಗಳು ಆಗಾಗ ಕಡಿದುಹೋಗುವ ತೊಂದರೆಯನ್ನು ಎಎಂಡಿ 2021ರಲ್ಲಿ ಒಪ್ಪಿಕೊಂಡು ಅಜೀಸಾ (ಬಯೋಸ್ ಒಳಗೆ ಎಎಂಡಿಯೇ ಬರೆದುಕೊಡುವ ಭಾಗ) 1.2.0.2ರಲ್ಲಿ ಸರಿಮಾಡಿತು. ಫ್ಲೆಕ್ಸ್ ಪ್ರಿಂಟಿಂಗ್ ಮಾಡುವವರ ಸಾಫ್ಟ್‌ವೇರ್ ಯುಎಸ್‌ಬಿ ಡಾಂಗಲ್ ನೋಡಿಕೊಂಡು ನಡೆಯುತ್ತದೆ, ಡಾಂಗಲ್ ಒಂದು ಕ್ಷಣ ಕಡಿದರೂ ಪ್ರಿಂಟು ಅರ್ಧಕ್ಕೇ ನಿಲ್ಲುತ್ತದೆ. ಇನ್ನೊಂದು, ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ (ಗುಟ್ಟಿನ ಕೀಗಳನ್ನು ಕಾಯುವ ಭದ್ರತಾ ಭಾಗ) ಆನ್ ಮಾಡಿದಾಗ ಕಂಪ್ಯೂಟರ್ ಆಗಾಗ ತೊದಲುವ ತೊಂದರೆ. ಅದು ಸರಿಹೋದದ್ದು 2022ರ ಅಜೀಸಾ 1.2.0.7ರಲ್ಲಿ. ಹಾಗಾಗಿ ಎ520ಯೋ ಬಿ550ಯೋ ತಂದ ದಿನವೇ ಬಯೋಸ್ ಹೊಸದು ಮಾಡಿ, ಆಮೇಲೆ ವಿಂಡೋಸ್ ಹಾಕಿ. ವಿಂಡೋಸ್ ಹಾಕಿದ ಮೇಲೆ ಮಾಡುವುದಾದರೆ ಬಿಟ್‌ಲಾಕರ್ (ವಿಂಡೋಸ್ ಡ್ರೈವಿಗೆ ಹಾಕುವ ಬೀಗ) ಕೀಯನ್ನು ಮೊದಲು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅಪ್‌ಡೇಟ್ ಆದ ನಂತರ ಟಿಪಿಎಂ ಕೀ ಅಳಿಸಲೇ ಎಂದು ವೈ, ಎನ್ ಕೇಳುವ ಪರದೆ ಬರಬಹುದು. ಕೀ ಇಲ್ಲದೆ ವೈ ಒತ್ತಿದರೆ ಎನ್‌ಕ್ರಿಪ್ಟ್ ಆದ ಡ್ರೈವು ತೆರೆಯುವುದಿಲ್ಲ.

ಲೇನ್ ಲೆಕ್ಕ

ಪ್ರೊಸೆಸರಿನಿಂದ ನೇರವಾಗಿ ಬರುವ ಪಿಸಿಐಇ ಲೇನ್‌ಗಳು (ಕಾರ್ಡು, ಎಸ್‌ಎಸ್‌ಡಿಗಳ ಡೇಟಾ ಓಡಾಡುವ ದಾರಿಗಳು) ಬೇರೆ, ಚಿಪ್‌ಸೆಟ್ ಕೊಡುವವು ಬೇರೆ. ಗ್ರಾಫಿಕ್ಸ್ ಕಾರ್ಡಿನ 16 ಲೇನ್, ಮೊದಲ ಎಂ.2 ಸ್ಲಾಟಿನಲ್ಲಿ ಕೂರುವ ಎಸ್‌ಎಸ್‌ಡಿಯ 4 ಲೇನ್ ಪ್ರೊಸೆಸರ್‌ನವು. ಎರಡನೇ ಎಂ.2, ಸಾಟಾ ಡಿಸ್ಕುಗಳು, ಲ್ಯಾನ್, ಬಹುಪಾಲು ಯುಎಸ್‌ಬಿ, ಚಿಕ್ಕ ಸ್ಲಾಟ್‌ಗಳು ಚಿಪ್‌ಸೆಟ್ ಮೂಲಕ ಹೋಗುತ್ತವೆ. ಹತ್ತು ಗಲ್ಲಿಯ ಗಾಡಿಗಳೆಲ್ಲ ಕೊನೆಗೆ ಒಂದೇ ರೈಲ್ವೆ ಕೆಳಸೇತುವೆಯಲ್ಲಿ ತೂರಬೇಕಾದ ಹಾಗೆ, ಬಿ550ರಲ್ಲಿ ಇವೆಲ್ಲ ಸೇರಿ ಪ್ರೊಸೆಸರ್ ತಲುಪುವುದು ಪಿಸಿಐಇ 3.0ರ ನಾಲ್ಕು ಲೇನ್ ಮೇಲೆ. ಎರಡನೇ ಎಸ್‌ಎಸ್‌ಡಿಯಿಂದ ಯುಎಸ್‌ಬಿ ಡಿಸ್ಕಿಗೆ ಕಾಪಿ ಹಾಕಿ ಅದೇ ಹೊತ್ತಿಗೆ ನೆಟ್‌ವರ್ಕಿನಲ್ಲಿ ಬ್ಯಾಕಪ್ ಬಿಟ್ಟರೆ ಮಾತ್ರ ಇದು ಗಮನಕ್ಕೆ ಬರುತ್ತದೆ. ಮನೆ ಬಳಕೆಯಲ್ಲಿ ಬರುವುದೇ ಇಲ್ಲ.

ಗಮನಕ್ಕೆ ಬರುವುದು ಹಂಚಿಕೆ. ಎರಡನೇ ಎಂ.2ಗೆ ಎಸ್‌ಎಸ್‌ಡಿ ಹಾಕಿದರೆ ಕೆಲವು ಬೋರ್ಡುಗಳಲ್ಲಿ ಎರಡು ಸಾಟಾ ಪೋರ್ಟು ಸತ್ತುಹೋಗುತ್ತವೆ, ಕೆಲವದರಲ್ಲಿ ಕೆಳಗಿನ ಉದ್ದನೆ ಸ್ಲಾಟು ನಿಲ್ಲುತ್ತದೆ. ಹಳೇ ಹಾರ್ಡ್ ಡಿಸ್ಕ್ ಕಾಣೆಯಾಯಿತು ಎಂದು ಡೇಟಾ ರಿಕವರಿಗೆ ಒಯ್ಯುವ ಮೊದಲು ಕೇಬಲನ್ನು ಬೇರೆ ಪೋರ್ಟಿಗೆ ಹಾಕಿ ನೋಡಿ. ಮ್ಯಾನುಯಲ್‌ನಲ್ಲಿ ಸ್ಟೋರೇಜ್ ಎಂಬ ತಲೆಬರಹದ ಕೆಳಗೆ ಸಣ್ಣಕ್ಷರದಲ್ಲಿ ಇದನ್ನು ಬರೆದಿರುತ್ತಾರೆ, ಕೊಳ್ಳುವ ಮೊದಲೇ ಪಿಡಿಎಫ್ ಇಳಿಸಿ ಓದಿಕೊಳ್ಳಬಹುದು. ಬಿ550 ಎಂದ ಮಾತ್ರಕ್ಕೆ ಎರಡನೇ ಎಂ.2ಗೆ ನಾಲ್ಕು ಲೇನ್ ಸಿಗುತ್ತದೆ ಎಂದುಕೊಳ್ಳಬೇಡಿ, ಅಗ್ಗದವುಗಳಲ್ಲಿ ಎರಡೇ ಕೊಟ್ಟಿರುವುದುಂಟು. ಎ520ರಲ್ಲಿ ಈ ಚಿಂತೆ ಕಡಿಮೆ, ಅನೇಕ ಬೋರ್ಡಿನಲ್ಲಿ ಎರಡನೇ ಎಂ.2 ಇರುವುದೇ ಇಲ್ಲ.

ಇನ್ನು ಬಿ550 ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರುವ ಪಿಸಿಐಇ 4.0. ಅಂಗಡಿಯವರು ಹೇಳದ ಮಾತು ಇಲ್ಲಿದೆ: 5600ಜಿ, 5700ಜಿ, ಮತ್ತು ಜಿ ಇಲ್ಲದಿದ್ದರೂ 5500, ಈ ಮೂರೂ ಪ್ರೊಸೆಸರ್‌ಗಳು ಕೊಡುವುದು ಪಿಸಿಐಇ 3.0 ಮಾತ್ರ. ಇವನ್ನು ಹಾಕಿ 4.0 ಎಸ್‌ಎಸ್‌ಡಿ ಕೊಂಡರೆ ಅದು ಸೆಕೆಂಡಿಗೆ ಮೂರೂವರೆ ಸಾವಿರ ಎಂಬಿ ಹತ್ತಿರ ನಿಲ್ಲುತ್ತದೆ. 4.0 ಬೇಕೆಂದರೆ 5600, 5600ಎಕ್ಸ್, 5700ಎಕ್ಸ್ ಇಂಥವು ಬೇಕು, ಇವುಗಳಲ್ಲಿ ಗ್ರಾಫಿಕ್ಸ್ ಇಲ್ಲ. ಬೋರ್ಡಿನ ಎಚ್‌ಡಿಎಂಐಗೆ ಮಾನಿಟರ್ ಚುಚ್ಚಿ ‘ನೋ ಸಿಗ್ನಲ್’ ಬರುತ್ತಿದೆ ಎಂದು ಗಾಬರಿಯಾಗುವವರಲ್ಲಿ ಅರ್ಧ ಜನ 5600 ಅಥವಾ ಇಂಟೆಲ್‌ನ ಎಫ್ ಅಕ್ಷರದ ಪ್ರೊಸೆಸರ್ ಹಾಕಿದವರು.

ಹಾಗಾದರೆ 5600ಜಿಗೆ ಬಿ550 ದಂಡವಲ್ಲವೇ? ಇವತ್ತಿಗೆ ದಂಡ, ನಾಳೆಗಲ್ಲ. ಇವತ್ತು 5600ಜಿ ಹಾಕಿ ಗ್ರಾಫಿಕ್ಸ್ ಕಾರ್ಡಿಲ್ಲದೆ ಓಡಿಸಿ, ಎರಡು ವರ್ಷದ ಮೇಲೆ 5700ಎಕ್ಸ್ ಮತ್ತು ಕಾರ್ಡು ಹಾಕುವ ಯೋಚನೆ ಇದ್ದರೆ ಬೋರ್ಡು ಬದಲಿಸಬೇಕಿಲ್ಲ.

ಎ520ರಲ್ಲಿ ಯಾವ ಪ್ರೊಸೆಸರ್ ಹಾಕಿದರೂ ಗ್ರಾಫಿಕ್ಸ್ ಸ್ಲಾಟು 3.0ರಲ್ಲೇ ಇರುತ್ತದೆ. 16 ಲೇನಿನ ಕಾರ್ಡಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಆದರೆ ಅಗ್ಗದ ಕಾರ್ಡುಗಳು ಲೇನ್ ಕಡಿಮೆ ಇಟ್ಟುಕೊಂಡೇ ಬರುತ್ತವೆ. ಆರ್‌ಎಕ್ಸ್ 6500 ಎಕ್ಸ್‌ಟಿಗೆ ನಾಲ್ಕೇ ಲೇನ್. 4.0 ಸ್ಲಾಟಿನಲ್ಲಿ ನಾಲ್ಕು ಲೇನ್ ಸಾಕು, 3.0ರಲ್ಲಿ ಅದರ ಅರ್ಧವಾಗುತ್ತದೆ. ಅದರ ಮೆಮೊರಿ 4 ಜಿಬಿ ಮಾತ್ರ, ಗೇಮು ಅದನ್ನು ಮೀರಿದ ಕೂಡಲೇ ಜಗ್ಗಲು ಶುರು. ಅಗ್ಗದ ಬೋರ್ಡಿಗೆ ಅಗ್ಗದ ಕಾರ್ಡು ಎಂಬ ಲೆಕ್ಕ ಇಲ್ಲಿ ಕೈಕೊಡುತ್ತದೆ. ಎಂಟು ಲೇನಿನ ಆರ್‌ಎಕ್ಸ್ 6600 ಅಥವಾ ಆರ್‌ಟಿಎಕ್ಸ್ 4060 ಆದರೆ ಎ520 ಮೇಲೂ ನಡೆಯುತ್ತದೆ.

ಮದುವೆ ಕಾರ್ಡಿನ ಡಿಟಿಪಿ, ಬಿಲ್ಲಿಂಗ್, ಆನ್‌ಲೈನ್ ಅರ್ಜಿ ತುಂಬುವ ಸೆಂಟರ್, ಇಷ್ಟಕ್ಕೆ ಎ520 ಸಾಕು. ಹೆಚ್ಚು ಕೊಡಬೇಡಿ.

ಎಚ್610: ಎಲ್ಲಿ ಕತ್ತರಿ ಹಾಕಿದ್ದಾರೆ

ಇಂಟೆಲ್ ಪ್ರೊಸೆಸರ್ ಚೆನ್ನಾಗಿದೆ. ಐ3 12100, ಐ5 12400 ಎರಡೂ ದುಡ್ಡಿಗೆ ತಕ್ಕ ಮಾಲು. ಕತ್ತರಿ ಬಿದ್ದಿರುವುದು ಚಿಪ್‌ಸೆಟ್ಟಿಗೆ. ರ್‍ಯಾಮ್ ಸ್ಲಾಟು ಎರಡೇ. ಪ್ರೊಸೆಸರಿನಲ್ಲಿ ಎಸ್‌ಎಸ್‌ಡಿಗೆಂದೇ ನಾಲ್ಕು 4.0 ಲೇನ್ ಇದ್ದರೂ ಎಚ್610 ಅದನ್ನು ಬಳಸಲು ಬಿಡುವುದಿಲ್ಲ, ಎಂ.2 ಚಿಪ್‌ಸೆಟ್ಟಿನ 3.0 ಲೇನ್ ಮೇಲೆ ಕೂರುತ್ತದೆ. ರ್‍ಯಾಮ್ ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚು ಸ್ಪೀಡಿಗೆ ಓಡಿಸುವುದು) ಇಲ್ಲ, ಡಿಡಿಆರ್4 ಆದರೆ 3200ಕ್ಕೆ ನಿಲ್ಲುತ್ತದೆ. 3600ರ ರ್‍ಯಾಮ್ ಮೊದಲೇ ಇದ್ದರೆ ಅದೂ 3200ರಲ್ಲೇ ಓಡುತ್ತದೆ. ಗ್ರಾಫಿಕ್ಸ್ ಸ್ಲಾಟು ಮಾತ್ರ 4.0, ಹಾಗಾಗಿ ಮೇಲೆ ಹೇಳಿದ ನಾಲ್ಕು ಲೇನಿನ ಕಾರ್ಡಿಗೆ ಎ520ಗಿಂತ ಎಚ್610 ವಾಸಿ.

ಕೊಳ್ಳುವಾಗ ಒಂದು ಎಡವಟ್ಟು ನೋಡಿಕೊಳ್ಳಿ. ಎಚ್610, ಬಿ760 ಎರಡರಲ್ಲೂ ಡಿಡಿಆರ್4 ಬೋರ್ಡು ಬೇರೆ, ಡಿಡಿಆರ್5 ಬೋರ್ಡು ಬೇರೆ, ಹೆಸರು ಮಾತ್ರ ಹೆಚ್ಚುಕಡಿಮೆ ಒಂದೇ. ಕೊನೆಯಲ್ಲಿ ಡಿ4 ಅಥವಾ ಡಿಡಿಆರ್4 ಎಂದು ಇದೆಯೋ ಇಲ್ಲವೋ ಅಷ್ಟೇ ವ್ಯತ್ಯಾಸ. ಫೋನಿನಲ್ಲಿ ಆರ್ಡರ್ ಹೇಳಿ ಬೆಂಗಳೂರಿನಿಂದ ಪಾರ್ಸಲ್ ತರಿಸುವವರು ಈ ಡಿ4ನ್ನು ಬರೆದೇ ಕಳಿಸಬೇಕು. ರ್‍ಯಾಮಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ, ಒತ್ತಿ ಕೂರಿಸಲು ಹೋದರೆ ಸ್ಲಾಟು ಒಡೆಯುತ್ತದೆ. ಎ520, ಬಿ550ಗಳಲ್ಲಿ ಡಿಡಿಆರ್4 ಬಿಟ್ಟರೆ ಬೇರೆ ಇಲ್ಲ.

ಎಚ್610ರ ಪರವಾಗಿಯೂ ಒಂದು ಮಾತು ಇದೆ. ಹಳೇ ವಿಜಿಎ ಮಾನಿಟರ್ ಬಿಸಾಕಲು ಮನಸ್ಸಿಲ್ಲದವರಿಗೆ ವಿಜಿಎ ಪೋರ್ಟು ಇನ್ನೂ ಈ ಬೋರ್ಡುಗಳಲ್ಲಿ ಸಿಗುತ್ತದೆ. ದಲಾಲಿ ಅಂಗಡಿಗಳಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇನ್ನೂ ಕಿರುಗುಡುತ್ತಿದ್ದರೆ ಎಲ್‌ಪಿಟಿ ಹೆಡರ್ (ಹಳೇ ಪ್ರಿಂಟರ್ ಪೋರ್ಟಿನ ಪಿನ್ನುಗಳು) ಇರುವ ಬೋರ್ಡು ಹುಡುಕಬಹುದು, ಇಲ್ಲವಾದರೆ ಯುಎಸ್‌ಬಿ ಕೇಬಲ್ಲಿನ ಪ್ರಿಂಟರೇ ಗತಿ.

ಸೆಕೆ ಇನ್ನೊಂದು. ಏಪ್ರಿಲ್‌ನಲ್ಲಿ ಇಲ್ಲಿ ಹೊರಗೆ 38–40 ಡಿಗ್ರಿ ಇರುವಾಗ ಶೀಟಿನ ಮನೆಯೊಳಗೆ ಇನ್ನೂ ಹೆಚ್ಚು. ಅಗ್ಗದ ಬೋರ್ಡುಗಳಲ್ಲಿ ಪ್ರೊಸೆಸರಿಗೆ ಕರೆಂಟ್ ಕೊಡುವ ವಿಆರ್‌ಎಂ ಮೇಲೆ ಹೀಟ್‌ಸಿಂಕ್ ಇರುವುದಿಲ್ಲ. ಐ5 12400 ಗರಿಷ್ಠ 117 ವ್ಯಾಟ್ ಎಳೆಯುತ್ತದೆ, ಅದನ್ನು ತಡೆದುಕೊಳ್ಳುತ್ತವೆ. ಐ7 12700ರ ಮಿತಿ 180 ವ್ಯಾಟ್. ಅದನ್ನು ಬೋಳು ವಿಆರ್‌ಎಂನ ಎಚ್610 ಮೇಲೆ ಕೂರಿಸಿ ವಿಡಿಯೋ ರೆಂಡರ್‌ಗೆ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಪ್ರೊಸೆಸರಿನ ಸ್ಪೀಡ್ ಕೆಳಗಿಳಿಯುತ್ತದೆ, ಐ7ಗೆ ಕೊಟ್ಟ ಹೆಚ್ಚಿನ ದುಡ್ಡು ಬಿಸಿಗಾಳಿಯಾಗಿ ಹೋಗುತ್ತದೆ. ಎಎಂ4ನಲ್ಲಿ 65 ವ್ಯಾಟಿನ ಪ್ರೊಸೆಸರ್ 88 ವ್ಯಾಟಿಗೆ ನಿಲ್ಲುತ್ತದೆ, 105 ವ್ಯಾಟಿನದು 142ಕ್ಕೆ. ಹೀಟ್‌ಸಿಂಕ್ ಇರುವ ಬಿ550ರಲ್ಲಿ ಮುಂದೆ 16 ಕೋರಿನ 5950ಎಕ್ಸ್ ಹಾಕಿದರೂ ನಡೆಯುತ್ತದೆ.

ಬಿ760 ಗೆಲ್ಲುವ ಜಾಗ

ಮದುವೆ ವಿಡಿಯೋ ಮಾಡುವವರು ಈ ಲೇಖನದ ನನ್ನ ತೀರ್ಪನ್ನು ಬದಿಗಿಟ್ಟು ಬಿ760 ಕೊಳ್ಳಿ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು 10 ಬಿಟ್ 4:2:2 ಎಚ್‌ಇವಿಸಿ ಫೈಲು ಕೊಡುತ್ತವೆ. ಇಂಟೆಲ್‌ನ 12ನೇ ತಲೆಮಾರಿನ ಒಳ ಗ್ರಾಫಿಕ್ಸ್ ಅದನ್ನು ಹಾರ್ಡ್‌ವೇರಿನಲ್ಲೇ ಬಿಚ್ಚುತ್ತದೆ. ರೈಜೆನ್ 5000ರಿಂದ ಆಗುವುದಿಲ್ಲ, ಎನ್ವಿಡಿಯಾ ಕಾರ್ಡುಗಳಲ್ಲಿ ಅದು ಬಂದದ್ದು ಆರ್‌ಟಿಎಕ್ಸ್ 50 ಸಾಲಿನಿಂದ. ಟೈಮ್‌ಲೈನ್ ಎಳೆದಾಗ ಜಗ್ಗುವುದು, ಜಗ್ಗದಿರುವುದು ಇದರ ಮೇಲೆ ನಿಂತಿದೆ. ಒಂದೇ ಷರತ್ತು, ಪ್ರೊಸೆಸರಿನ ಹೆಸರಿನ ಕೊನೆಗೆ ಎಫ್ ಇರಕೂಡದು. ಸಾವಿರ ರೂಪಾಯಿ ಉಳಿಸಲು 12400ಎಫ್ ತಂದರೆ ಬೇಕಾದದ್ದನ್ನೇ ಬಿಟ್ಟು ಬಂದಂತೆ.

ಬಿ760ರಲ್ಲಿ ಸಾಮಾನ್ಯವಾಗಿ ಎರಡು ಎಂ.2, ಎರಡೂ 4.0. ರ್‍ಯಾಮನ್ನು 3200ಕ್ಕಿಂತ ಮೇಲೆ ಓಡಿಸಬಹುದು. 13, 14ನೇ ತಲೆಮಾರಿನ ಐ7, ಐ9 ಹಾಕುವವರು ಮಾತ್ರ 2024ರಲ್ಲಿ ಇಂಟೆಲ್ ಒಪ್ಪಿಕೊಂಡ ವೋಲ್ಟೇಜ್ ದೋಷ ನೆನಪಿಡಬೇಕು, 12ಬಿ ಅಥವಾ ಅದಕ್ಕಿಂತ ಹೊಸ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ತಿದ್ದುಪಡಿ ಕೋಡ್) ಇರುವ ಬಯೋಸ್ ಹಾಕದೆ ಕೆಲಸ ಶುರುಮಾಡಬೇಡಿ.

ನಾನು ಬಿ760 ಬಿಡುವುದಕ್ಕೆ ಕಾರಣ ಬಜೆಟ್. ಬೋರ್ಡಿಗೆ ಎರಡು ಸಾವಿರ, 12400ಕ್ಕೂ ಸ್ವಲ್ಪ ಹೆಚ್ಚು. ಆ ಹಣವನ್ನು ಎಸ್‌ಎಸ್‌ಡಿಗೋ ಒಳ್ಳೆಯ ಪವರ್ ಸಪ್ಲೈಗೋ ಹಾಕಬಹುದು. ನಮ್ಮ ಕಡೆಯ ವೋಲ್ಟೇಜ್ ಏರಿಳಿತಕ್ಕೆ ಪವರ್ ಸಪ್ಲೈಗೆ ಹಾಕಿದ ದುಡ್ಡು ಬೋರ್ಡಿಗೆ ಹಾಕಿದ್ದಕ್ಕಿಂತ ಹೆಚ್ಚು ಕಾಯುತ್ತದೆ.

ಉಳಿದವು

ಪಿನ್ನು: ಇಂಟೆಲ್‌ನಲ್ಲಿ ಬೋರ್ಡಿನಲ್ಲಿವೆ, ಎಎಂ4ನಲ್ಲಿ ಪ್ರೊಸೆಸರಿನಲ್ಲಿವೆ. ಎಲ್‌ಜಿಎ 1700 (ಎಚ್610, ಬಿ760ರ ಸಾಕೆಟ್) ಬೋರ್ಡನ್ನು ಅಂಗಡಿಯಲ್ಲೇ ಪ್ಲಾಸ್ಟಿಕ್ ಮುಚ್ಚಳ ತೆಗೆದು ಬೆಳಕಿಗೆ ಹಿಡಿದು ನೋಡಿ, ಪಿನ್ನು ಬಾಗಿದ್ದರೆ ವಾರಂಟಿ ಸಿಗುವುದು ಕಷ್ಟ. ಎಎಂ4ನಲ್ಲಿ ಕೂಲರ್ ಎಳೆದರೆ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೂ ಕಿತ್ತು ಬರುತ್ತದೆ. ಮೊದಲು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ಎಡಬಲಕ್ಕೆ ತಿರುಚಿ ಆಮೇಲೆ ಎತ್ತಿ.

ರ್‍ಯಾಮ್: 5600ಜಿ ಹಾಕುವವರು 16 ಜಿಬಿಯ ಒಂದು ಕಡ್ಡಿ ಕೊಳ್ಳಬೇಡಿ, 8ರ ಎರಡು ಕೊಳ್ಳಿ. ಒಳ ಗ್ರಾಫಿಕ್ಸ್ ರ್‍ಯಾಮನ್ನೇ ನಂಬಿಕೊಂಡಿದೆ, ಒಂದೇ ಕಡ್ಡಿಯಾದರೆ ದಾರಿ ಅರ್ಧ. ನಾಲ್ಕು ಸ್ಲಾಟಿನ ಬಿ550ರಲ್ಲಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದು, ನಾಲ್ಕನೆಯದಕ್ಕೆ ಹಾಕಿ. 3200ರ ರ್‍ಯಾಮ್ ಆದರೂ ಬಯೋಸಿನಲ್ಲಿ ಎಕ್ಸ್‌ಎಂಪಿ ಎಂಬ ಸ್ಪೀಡ್ ಸೆಟ್ಟಿಂಗ್ ಆನ್ ಮಾಡದಿದ್ದರೆ 2133 ಅಥವಾ 2666ರಲ್ಲೇ ಓಡುತ್ತಿರಬಹುದು.

ಸಿಡಿಲು: ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಮೊದಲು ಸಾಯುವುದು ಲ್ಯಾನ್ ಪೋರ್ಟು, ಇಂಟರ್‌ನೆಟ್ ಕೇಬಲ್ ಮೂಲಕ. ಬೋರ್ಡಿನಲ್ಲಿ ಒಂದು ಚಿಕ್ಕ ಪಿಸಿಐಇ ಸ್ಲಾಟು ಖಾಲಿ ಇದ್ದರೆ ಕೆಲವು ನೂರು ರೂಪಾಯಿಯ ಲ್ಯಾನ್ ಕಾರ್ಡಿನಲ್ಲಿ ಮುಗಿಯುತ್ತದೆ. ಎ520, ಎಚ್610ರ ಪುಟ್ಟ ಬೋರ್ಡುಗಳಲ್ಲಿ ದಪ್ಪ ಗ್ರಾಫಿಕ್ಸ್ ಕಾರ್ಡು ಆ ಸ್ಲಾಟನ್ನು ಮುಚ್ಚಿಬಿಡುತ್ತದೆ. ಬಿ550ರಲ್ಲಿ ಸ್ಲಾಟು ಎಲ್ಲಿದೆ ಎಂದು ಚಿತ್ರ ನೋಡಿ ಆರಿಸಿ.

ಎಕ್ಸ್570: ಎಎಂ4ನಲ್ಲಿ ಬಿ550ಗಿಂತ ಮೇಲಿನ ಬೋರ್ಡು, ಬಹುಪಾಲಿನಲ್ಲಿ ಚಿಪ್‌ಸೆಟ್ ಮೇಲೆ ಪುಟ್ಟ ಫ್ಯಾನು. ಚಿತ್ರದುರ್ಗದ ಗಾಳಿ, ದಾವಣಗೆರೆಯ ಗಿರಣಿ–ಭಟ್ಟಿ ಕಡೆಯ ಧೂಳು, ಎರಡಕ್ಕೂ ಅದು ತಡೆಯುವ ವಸ್ತುವಲ್ಲ.

ಬಿ650 ಮತ್ತು ಎಎಂ5 (ಎಎಂಡಿಯ ಎಎಂ4 ನಂತರದ ಸಾಕೆಟ್): ಹಳೇ ಕಂಪ್ಯೂಟರಿನ ಡಿಡಿಆರ್4 ರ್‍ಯಾಮ್ ಕೈಯಲ್ಲಿಲ್ಲದವರು, ಬಜೆಟ್ ಎಪ್ಪತ್ತು ಸಾವಿರ ದಾಟುವವರು ಅದನ್ನೇ ನೋಡಬೇಕು. ಎಎಂ4ಗೆ ಹೊಸ ತಲೆಮಾರು ಇನ್ನಿಲ್ಲ, ಎಎಂ5ಗೆ 2027ರವರೆಗಾದರೂ ಬೆಂಬಲ ಎಂದು ಎಎಂಡಿ ಹೇಳಿದೆ. ಅಲ್ಲಿ ಡಿಡಿಆರ್5 ಬಿಟ್ಟರೆ ಬೇರೆ ದಾರಿಯಿಲ್ಲ. 2025ರ ಕೊನೆಯಿಂದ ರ್‍ಯಾಮ್ ಬೆಲೆ ಏರಿರುವ ರೀತಿ ನೋಡಿದರೆ ಕೈಯಲ್ಲಿರುವ ಡಿಡಿಆರ್4 ಕಡ್ಡಿಗಳನ್ನು ಬಿಟ್ಟುಕೊಡಲು ನನಗೆ ಧೈರ್ಯ ಬರುವುದಿಲ್ಲ. ಲ್ಯಾಪ್‌ಟಾಪಿನ ಕಡ್ಡಿ ಮಾತ್ರ ಇದಕ್ಕೆ ಹೊಂದುವುದಿಲ್ಲ, ಅದರ ಅಳತೆಯೇ ಬೇರೆ.

ಬಿ550 ತೀರ್ಮಾನ ಮಾಡಿಕೊಂಡವರು ಅಂಗಡಿಯಲ್ಲಿ ಡಬ್ಬಿ ಬಿಚ್ಚಿಸಿ ನೋಡಬೇಕಾದದ್ದು: ಹಿಂಭಾಗದಲ್ಲಿ ಫ್ಲ್ಯಾಶ್ ಬಟನ್, ವಿಆರ್‌ಎಂ ಮೇಲೆ ಹೀಟ್‌ಸಿಂಕ್, ನಾಲ್ಕು ರ್‍ಯಾಮ್ ಸ್ಲಾಟು, ಮತ್ತು ಬೋರ್ಡಿನ ಮೂಲೆಯಲ್ಲಿ ಸಣ್ಣದಾಗಿ ಅಚ್ಚಾಗಿರುವ ರಿವಿಷನ್ ನಂಬರ್. ಒಂದೇ ಹೆಸರಿನ ಬೋರ್ಡಿನ 1.0 ಮತ್ತು ಅದರ ನಂತರದ ರಿವಿಷನ್‌ಗಳಲ್ಲಿ ಬಿಡಿಭಾಗ ಬದಲಾಗಿರಬಹುದು, ಬಯೋಸ್ ಫೈಲೂ ಬೇರೆ ಇರಬಹುದು. ಬಿಲ್ಲಿನಲ್ಲಿ ಮಾಡೆಲ್ ಜೊತೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ರಿವಿಷನ್ ನಂಬರನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಕ್ಯಾಬಿನೆಟ್ಟಿನೊಳಗೆ ಕೂರಿಸಿದ ಮೇಲೆ ಗ್ರಾಫಿಕ್ಸ್ ಕಾರ್ಡು ಬಿಚ್ಚದೆ ಅದು ಕಾಣುವುದಿಲ್ಲ.